ಈ ಸಾಲಿಗೆ ಕನ್ನಡ ಬೇಡ

ಬೋಳಾರದ ಹಂಚಿನ ಕಾರ್ಖಾನೆ ಮುಚ್ಚಿ ಹತ್ತೊಂಬತ್ತು ವರ್ಷ.
ಸುಡುವ ಗೂಡಿನ ಬಾಯಲ್ಲಿ ಈಗ ಗ್ರೀನ್ ರೂಮು,
ಹಸಿ ಹಂಚು ಒಣಗುತ್ತಿದ್ದ ಕಡೆ ನೂರಿಪ್ಪತ್ತು ಪ್ಲಾಸ್ಟಿಕ್ ಕುರ್ಚಿ.
ಮೂರು ದಿನ, ಆರು ಹೊಸ ನಾಟಕ.
ಬ್ಯಾನರಿನಲ್ಲಿ ‘ಸಣ್ಣ ನುಡಿಗಳ ರಂಗೋತ್ಸವ’ ಎಂದಿತ್ತು.
ಮಿಸ್ರಿಯಾ ಬಂದವಳೇ ಮಾರ್ಕರ್ ಕೇಳಿ
‘ಸಣ್ಣ’ ಹೊಡೆದುಹಾಕಿದಳು.

ನನ್ನ ಕೆಲಸ ಪರದೆಯ ಮೇಲೆ ಕನ್ನಡ ಓಡಿಸುವುದು.
ಬಂದರಿನ ಓಣಿಯಲ್ಲಿ ಮದುವೆ ಕಾಗದ ಕೂಡಿಸುವವ ನಾನು,
‘ತಮ್ಮ ಆಗಮನಾಭಿಲಾಷಿಗಳು’ ಆರು ಭಾಷೆಯಲ್ಲಿ ಬರುತ್ತದೆ,
ಜಗಳ ಒಂದರಲ್ಲೂ ಬಾರದು.
ನಾಟಕದಲ್ಲೋ, ಬರೀ ಜಗಳ.

ಮೊದಲ ದಿನ ಬ್ಯಾರಿ. ಮಿಸ್ರಿಯಾ ಬರೆದದ್ದು.
ನಾಲ್ವರು ಅಕ್ಕತಂಗಿಯರು, ಒಂದು ಸ್ಕೂಟರ್,
ಲೈಸೆನ್ಸು ಒಬ್ಬಳಿಗೇ.
ನಾಲ್ವರೂ ಒಮ್ಮೆಗೇ ಮಾತಾಡುತ್ತಾರೆ
ಒಬ್ಬರ ಮಾತಿನ ಮೇಲೆ ಇನ್ನೊಬ್ಬರದು, ಹಂಚಿನ ಮೇಲೆ ಹಂಚು ಕೂತ ಹಾಗೆ.
ನನ್ನ ಬೆರಳು ತಡವರಿಸಿ
ಸ್ಕೂಟರ್ ಬಿದ್ದ ಮೇಲೆ ಪರದೆಯಲ್ಲಿ ಮೂಡಿತು:
‘ನಿಧಾನ, ನಿಧಾನ.’
ಜನ ಕುರ್ಚಿ ಸಮೇತ ಅಲುಗಾಡಿ ನಕ್ಕರು.
ಬೈಯುತ್ತಾಳೆಂದು ಕಾದೆ. ‘ತಡವಾಗಿಯೇ ಬರಲಿ ಅದು,
ಇನ್ನು ಮುಂದೆ ಎಲ್ಲಿ ಆಡಿದರೂ’ ಅಂದಳು.

ಎರಡನೆಯ ದಿನ ಅಪೊಲಿನ್ ಬಾಯಿ.
ಎಪ್ಪತ್ತೊಂದು ವರ್ಷ, ಮೊದಲ ನಾಟಕ, ಕೊಂಕಣಿ,
ಅದೂ ಇನ್ನೂ ಮುಗಿಯದ್ದು.
ಹಾಳೆ ಹಿಡಿದು ಓದುತ್ತ ಓದುತ್ತ
ಒಂದು ಕಡೆ ನಿಂತರು, ಕನ್ನಡಕ ತೆಗೆದರು:
‘ಇಲ್ಲಿ ಗಂಡ ಕ್ಷಮೆ ಕೇಳಬೇಕು.
ಹೇಗೆ ಕೇಳುತ್ತಾನೋ. ಗಂಡಸು ಕ್ಷಮೆ ಕೇಳಿದ್ದನ್ನು
ನಾನು ಕೇಳಿಯೇ ಇಲ್ಲ.’
ಅದನ್ನೂ ಟೈಪು ಮಾಡಿದೆ.
ನಾಟಕದ ಸಾಲೋ ಅಲ್ಲವೋ, ವಿಚಾರಿಸಲು ಪುರುಸೊತ್ತು ಎಲ್ಲಿ.

ಮೂರನೆಯ ದಿನ ಪೊಡಿಯ.
ಕದ್ರಿಯ ಎಟಿಎಂ ರಾತ್ರಿಯಿಡೀ ಕಾಯುತ್ತ
ಜನ ಎಸೆದುಹೋದ ರಶೀದಿಗಳ ಬೆನ್ನಿಗೆ ಬರೆದದ್ದು,
ಒಂದೊಂದು ದೃಶ್ಯ ಒಂದೊಂದು ರಶೀದಿಯುದ್ದ.
ಕೊರಗ ಭಾಷೆ. ಮನೆಯೊಳಗಿನದು;
ಹೊರಗಿನವರ ಮುಂದೆ ಅವರೆಲ್ಲ ತುಳುವಿಗೆ ಹೊರಳುತ್ತಾರೆ.
ನನ್ನ ಮೇಜಿಗೆ ಬಾಗಿ ಇಪ್ಪತ್ತೆರಡನೆಯ ದೃಶ್ಯದ ಮೇಲೆ ಬೆರಳಿಟ್ಟ:
‘ಈ ಸಾಲಿಗೆ ಕನ್ನಡ ಬೇಡ.’
ಯಾಕೆ, ಅರ್ಥ ಸಿಗುವುದಿಲ್ಲವಾ?
‘ಸಿಗುತ್ತದೆ’ ಅಂದ, ‘ಅದಕ್ಕೇ.’

ಹಾಗೆ ಬಿಡುವವನೆ ನಾನು?
ತಾಲೀಮಿನ ಹೊತ್ತು ನಟಿಯೊಬ್ಬಳನ್ನು ಪುಸಲಾಯಿಸಿ
ಅರ್ಥ ಕೇಳಿ ಟೈಪು ಮಾಡಿಟ್ಟಿದ್ದೆ, ಬೇರೆ ಫೈಲಿನಲ್ಲಿ.
ಈಗ ಅನಿಸುತ್ತದೆ, ಅವಳು ಹೇಳಿದ್ದು ಸುಳ್ಳು.

ಇಪ್ಪತ್ತೆರಡು ಬಂತು.
ರಂಗದ ಮೇಲೆ ಸೊಸೆ ಅತ್ತೆಯ ತಲೆ ಬಾಚುತ್ತಿದ್ದಾಳೆ,
ಬಾಚುತ್ತ ಆ ಮಾತು ಅಂದಳು.
ಬೆರಳು ಗುಂಡಿಯ ಮೇಲಿತ್ತು. ಒತ್ತಲಿಲ್ಲ.
ಪರದೆ ಬರೀ ಬೆಳಕು, ಅದರಲ್ಲೊಂದು ಹಾತೆ.
ನೂರು ಕತ್ತು ಹಿಂದಕ್ಕೆ ತಿರುಗಿ ನನ್ನನ್ನೇ ನೋಡಿದವು.
‘ಎಂತ ಮಾರಾಯ್ರೆ, ಹ್ಯಾಂಗ್ ಆಯಿತಾ?’

ಆಗ ಬಾಗಿಲ ಬಳಿಯಿಂದ ಒಂದು ನಗು.
ತಡೆದು ತಡೆದು ತಡೆಯಲಾಗದ್ದು, ಸೆರಗು ಕಚ್ಚಿದ್ದು.
ಬಲಗೋಡೆಯ ಹತ್ತಿರ ಇನ್ನೊಂದು.
ಗೂಡಿನ ಒಳಗಿಂದ, ವೇಷ ಕಳಚುತ್ತಿದ್ದ ಹುಡುಗನದು, ಮೂರನೆಯದು.
ಅವರಿಗೆ ಒಬ್ಬರಿಗೊಬ್ಬರು ಕಾಣುತ್ತಿರಲಿಲ್ಲ
ನಡುವೆ ಕುಳಿತ ನಾವು
ಊಟಕ್ಕೆ ಕರೆದು ಎಲೆ ಹಾಕದ ನೆಂಟರ ಹಾಗೆ
ಕೈ ಎಲ್ಲಿಡಬೇಕೆಂದು ತಿಳಿಯದೆ.

ಕುರ್ಚಿ ಪೇರಿಸುವಾಗ ಪತ್ರಿಕೆಯ ಹುಡುಗ ಬಂದ.
ಆ ಸಾಲು ಏನು ಸಾರ್, ನಿಮಗಾದರೂ ಗೊತ್ತಿರಬೇಕು.
ಆರು ಭಾಷೆಯ ನಾನು
‘ಕನ್ನಡ ಒಂದೇ ಬರುವುದು ನನಗೆ’ ಎಂದೆ.

ಪ್ರೊಜೆಕ್ಟರ್ ಆರಿಸಿದೆ.
ಆರಿಸಿದ ಮೇಲೂ ಸ್ವಲ್ಪ ಹೊತ್ತು
ಅದರ ಫ್ಯಾನು ತಿರುಗುತ್ತಲೇ ಇರುತ್ತದೆ.