ಹೊರುವವರ ಪಟ್ಟಿ

ಶಾಲೆಯ ಗೋಡೆಗೆ ಅಂಟಿಸಿದ ಹಾಳೆಯಲ್ಲಿ ಎಂಟು ಹೆಸರು,
ಒಂಬತ್ತನೆಯದು ನನ್ನದು, ಬದಲಿ ಹೆಗಲು.
ಹೊಸನಗರದ ಆಂಬ್ಯುಲೆನ್ಸು ಸಂಕದಾಚೆಗೇ ನಿಲ್ಲುತ್ತದೆ;
ಅಲ್ಲಿವರೆಗಿನ ಎರಡೂವರೆ ಮೈಲಿ ನಮ್ಮದು.

ಭಾನುವಾರ ಅಭ್ಯಾಸ.
ಎರಡು ಬಿದಿರ ಗಳ, ಅಂಗನವಾಡಿಯ ಪ್ಲಾಸ್ಟಿಕ್ ಕುರ್ಚಿ,
ಎತ್ತಿನ ಹಗ್ಗ. ಗಂಟು ಮಾತ್ರ ದುಗ್ಗಪ್ಪನೇ ಹಾಕಬೇಕು,
ಬೇರೆಯವರದ್ದು ಅವನಿಗೆ ಗಂಟೇ ಅಲ್ಲ.

ಕೂರುವವರು ಯಾರು? ಅಲ್ಲೇ ತಕರಾರು.
ಬದುಕಿದ್ದಾಗಲೇ ಹೊರಿಸಿಕೊಂಡರೆ ಆಯುಷ್ಯ ಕಡಿಮೆಯಂತೆ.
ಅಕ್ಕಿಮೂಟೆ ಇಡೋಣ ಎಂದ ಬೂದ್ಯ.
ಮೂಟೆ ಹೆದರೋದಿಲ್ಲ, ಅಲುಗೋದಿಲ್ಲ,
ಅದರಿಂದ ಎಂಥ ಕಲೀತೀರಿ ಎನ್ನುತ್ತ
ಫಿಲೋಮಿನ ಬಾಯಿ ಬಂದು ಕೂತರು,
ಸೆರಗು ಸೊಂಟಕ್ಕೆ ಸಿಕ್ಕಿಸಿ.

ಕಲ್ಲುದಾರಿಯ ತಿರುವಿನಲ್ಲಿ
ಹಿಂಬದಿಯ ಹೆಗಲು ಬದಲಿಸುವಾಗ ನಾನೇ ಜಾರಿದೆ.
ಕುರ್ಚಿ ವಾಲಿತು. ಕಿರುಚಲಿಲ್ಲ ಬಾಯಿ.
"ಐವತ್ತು ವರ್ಷ ಸೌದೆ ಹೊತ್ತು ಹತ್ತಿದ ಏರು,
ತಲೆಯೆತ್ತಿ ನೋಡಿದ್ದು ಇವತ್ತೇ ಕಣ್ರೋ.
ಆ ಧೂಪದ ಮರದಲ್ಲಿ ಎಷ್ಟೊಂದು ಹೆಜ್ಜೇನು!"

ಆಮೇಲೆ ಯಾರೂ ಮಾತಾಡಲಿಲ್ಲ,
ಕೆಮ್ಮನ್ನೂ ನುಂಗಿಕೊಂಡು ನಡೆದೆವು
ಮರ ದಾಟುವವರೆಗೆ.

ಸಂಜೆ ಹಾಳೆಯಲ್ಲಿ ಹತ್ತನೆಯ ಹೆಸರಿತ್ತು,
ಪೆನ್ಸಿಲಿನಲ್ಲಿ. ಪಕ್ಕದಲ್ಲಿ:
ಎಡ ಹೆಗಲು ನೋವು,
ಬಲಕ್ಕೆ ಹಾಕಿ.