ಲಾಭ, ಒಂದು, ಎರಡು

ಅರಬೈಲು ಘಟ್ಟದಲ್ಲಿ ಬಸ್ಸು ನಿಂತು ಎರಡು ತಾಸಾಯಿತು.
ಮುಂದೆಲ್ಲೋ ಟ್ಯಾಂಕರು ಮಗುಚಿದೆಯಂತೆ.
ತೊಡೆಯ ಮೇಲೆ ಸ್ಕ್ರೂ ಡ್ರೈವರಿನ ಪೆಟ್ಟಿಗೆ,
ಕಿವಿಯಲ್ಲಿ ಬೈತಖೋಲದ ಪುಂಡಲೀಕ ದುರ್ಗೇಕರ,
ಮೀನುಬಂದರು ಕಚೇರಿಯ ರಾತ್ರಿ ಕಾವಲು.

ಬಾಯೀ, ಕೋಣೆಯೊಳಗೆ ಏನೋ ಕೂಗ್ತದೆ.

ಕೂಗಲಿ. ಬೆಳಕು ನೋಡಿ ಹೇಳಿ.

ಎಲ್ಲ ಹಸಿರು ಅಂದ. ಆಮೇಲೆ, ತಡೀರಿ, ಒಂದು ಬೇರೆ.
ಕೆಂಪಾ? ಅಲ್ಲ.
ಹಳದಿಯಾ? ಅಲ್ಲ ಬಾಯೀ,
ಕರಿ ಈಶಾಡು ಕೊಯ್ದರೆ ಒಳಗಿರ್ತದಲ್ಲ, ಅದು.

ಕೈಪಿಡಿ ಅದನ್ನು ಅಂಬರ್ ಅನ್ನುತ್ತದೆ.
ಹನ್ನೊಂದು ವರ್ಷದಲ್ಲಿ ಯಾರೂ ನನಗೆ
ಇಷ್ಟು ಸರಿಯಾಗಿ ಹೇಳಿರಲಿಲ್ಲ.

ಮಿನುಗುತ್ತಾ ಇದೆಯೋ, ನಿಂತಿದೆಯೋ?
ನಿಂತಿದೆ.
ಪಕ್ಕದವು?
ಪಕ್ಕದವು ಬುತಾಯಿ ಸುರಿದ ಬುಟ್ಟಿಯ ಹಾಗೆ, ಒಂದೇ ಸಮ ಪಟಪಟ.
ಪಟಪಟ ಅಂದರೆ ಓದುತ್ತಿವೆ, ಬರೆಯುತ್ತಿವೆ,
ನಾಲ್ಕು ಗಂಟೆಗೆ ಹೊರಡುವ ದೋಣಿಗಳ ಡೀಸೆಲ್ ಚೀಟಿ
ಅವುಗಳ ಹೊಟ್ಟೆಯಲ್ಲಿದೆ.
ನಿಂತದ್ದು ಸತ್ತಿದೆ.
ಇನ್ನೊಂದು ಸತ್ತರೆ ಎಲ್ಲವೂ.

ಎಡದಿಂದ ಎಷ್ಟನೆಯದು? ಮೊದಲನೆಯದಕ್ಕೆ ಸೊನ್ನೆ ಅನ್ನಿ.

ಫೋನಿನಲ್ಲಿ ಬರೀ ಫ್ಯಾನಿನ ಸದ್ದು.
ಸೊನ್ನೆ ಅಂದರೆ ಇಲ್ಲ ಅಂತ ಅಲ್ಲವಾ ಬಾಯೀ? ಇದು ಇದೆಯಲ್ಲ.

ಅಕ್ಕಿ ಅಳೆಯುವಾಗ ಒಂದು ಅನ್ನದೆ ಲಾಭ ಅನ್ನುತ್ತೀರಲ್ಲ,
ಹಾಗೇ ಅಂದುಕೊಳ್ಳಿ.
ಹಾಂ, ಹಾಗಾದರೆ ಲಾಭ, ಎರಡು, ಮೂ—
ನಿಲ್ಲಿ! ಲಾಭದ ಮುಂದೆ ಒಂದು.

ಸೀಟಿನಿಂದ ಎದ್ದೇಬಿಟ್ಟಿದ್ದೆ.
ಪಕ್ಕದ ಅಜ್ಜಿ ಶಾಲಿನೊಳಗಿಂದ ಕಣ್ಣು ತೆರೆದರು.
ಅವನ ಎಣಿಕೆಯಲ್ಲಿ ‘ಎರಡು’ ಎಂದು ಎಳೆದಿದ್ದರೆ
ಬದುಕಿದ್ದ ಡಿಸ್ಕು ಕೈಗೆ ಬರುತ್ತಿತ್ತು.

ಲಾಭ. ಒಂದು. ಎರಡು. ಎರಡರ ಮೇಲೆ ಈಶಾಡು.

ಬೆಳಕೊಂದನ್ನೇ ನಂಬಬೇಡಿ ಎಂದೆ, ಎಣಿಕೆಯೊಂದನ್ನೇ ಕೂಡ.
ಎರಡೂ ಒಂದೇ ಕಡೆ ಬೆರಳು ತೋರಿಸಿದರೆ ಮಾತ್ರ—
ಗೊತ್ತುಂಟು, ಅಂದ, ಈಗ ಅವನ ಸರದಿ.
ಕೂರ್ಮಗಡದ ತಲೆ, ದೇವಗಡದ ದೀಪ,
ಎರಡೂ ಒಂದು ಗೆರೆಗೆ ಬಾರದೆ
ನಮ್ಮಪ್ಪ ಬಲೆ ಬಿಡುತ್ತಿರಲಿಲ್ಲ.

ಕ್ಲಿಕ್.
ಕಪಾಟಿನ ಬಿಡಿ ಡಿಸ್ಕು ಒಳಗೆ ಹೋಯಿತು.
ಕತ್ತಲು, ಕತ್ತಲು, ಎಂದು ವರದಿ ಮಾಡಿದ. ಆಮೇಲೆ ಹಸಿರು.
ನಿಧಾನ ಮಿನುಗುತ್ತದೆ ಬಾಯೀ, ಉಸಿರು ಎಳೆದ ಹಾಗೆ.
ಕಟ್ಟಿಕೊಳ್ಳುತ್ತಿದೆ. ಬೆಳಗಾಗುತ್ತದೆ. ಬಿಡಿ.

ಮತ್ತೆ ಈ ನೀಲಿ? ಮುಟ್ಟಿಬಿಟ್ಟೆ, ಹೊಡಕೊಳ್ತಾ ಇದೆ. ಇದಕ್ಕೇನು ಕಾಯಿಲೆ?
ಕಾಯಿಲೆ ಅಲ್ಲ. ಹಿಂದಿನಿಂದ ಬಂದವರಿಗೆ
ಯಾವ ಪೆಟ್ಟಿಗೆ ಅಂತ ಗೊತ್ತಾಗಲಿ ಎಂದು.

ಏಳೂವರೆಗೆ ಬೈತಖೋಲ. ದಕ್ಕೆಯ ಮೇಲೆ ಐಸು ಒಡೆಯುತ್ತಿದ್ದರು.
ಪುಂಡಲೀಕ ಮನೆಗೆ ಹೋಗಿಯಾಗಿತ್ತು.
ನೀಲಿ ಇನ್ನೂ ಹೊಡೆದುಕೊಳ್ಳುತ್ತಿತ್ತು, ಅದರ ಕೆಳಗೆ
ಬೀಡಿಕಟ್ಟಿನ ಕಾಗದ, ಬಾಲ್‌ಪೆನ್ನು: ಇದೇ.

ಮೇಜಿನ ಮೇಲೆ, ಬಂಗಡೆ ಕಟ್ಟಿದ ಹಾಗೆ
ಪೇಪರಿನಲ್ಲಿ ಸುತ್ತಿಟ್ಟಿದ್ದ ಸತ್ತ ಡಿಸ್ಕು.
ಬಿಚ್ಚಿದೆ. ಅದರ ಹಲ್ಲುಗಳಿಗೆ ಹಸಿರು ಹತ್ತಿತ್ತು,
ಉಪ್ಪುಗಾಳಿ ತಿಂದು ಉಳಿಸಿದ್ದು,
ಯಾವ ಕೈಪಿಡಿಯೂ ಎಣಿಸದ ಹಸಿರು.