ಅಮವಾಸಿ ಸೂಟಿ

ಅಮವಾಸಿಗೆ ಯಾರೂ ಲಗ್ನ ಇಟ್ಕೊಳ್ಳಂಗಿಲ್ಲ.
ಅದಕ್ಕೇ ಬೀದರಿನ ಬ್ಯಾಂಡಿನ ಮಂದಿಗೆ
ಉರಿಬ್ಯಾಸಗ್ಯಾಗ ಅದೊಂದೇ ಸೂಟಿ.
ಎರಡು ಟಂಟಂ, ಒಂದು ಟೆಂಪೋ,
ಮೂರು ಕಂಪನಿಯವರು ಕೂಡಿ
(ವರ್ಷೆಲ್ಲಾ ಒಬ್ಬರ ಸುಪಾರಿ ಒಬ್ಬರು ಕಸಗೊಂಡು
ಮಾರಿ ತಿರುವಿ ಹೋಗೋರು ಇವರೇ)
ಕಾರಂಜಾ ಹಿನ್ನೀರಿನ ದಂಡಿಗೆ
ಬೇವಿನ ನೆರಳು ಹುಡುಕಿ ಇಳದಿವಿ.

ಕೆಂಪು ಕೋಟಿಲ್ಲ, ಭುಜಕ್ಕ ಜರದ ಝಾಲರಿಲ್ಲ,
ಗಂಡಸರ ಗುರುತೇ ಹತ್ತಲಿಲ್ಲ ನನಗ.
ಬನೀನಿನ್ಯಾಗ ಎಲ್ಲಾರೂ ಸಣ್ಣಾಗಿ ಕಾಣತಿದ್ರು,
ಊದೂದಿ ಗಲ್ಲ ಅಷ್ಟೇ ದೊಡ್ಡವು.

ಕಟಿರೊಟ್ಟಿ, ಪುಂಡಿಪಲ್ಯ, ಶೇಂಗಾಹಿಂಡಿ,
ತಾಹೇರಾಬಿ ಡಬ್ಬ್ಯಾಗ ತಂದ ಖಟ್ಟಾಬ್ಯಾಳಿ,
ಪರಾತದ ನೀರಾಗ ಮುಳುಗಿದ ಮಾವಿನಹಣ್ಣು.
ಉಂಡು ಕೈ ತೊಳದ್ರು. ಪೋರಗೋಳು ಗದ್ದಲ ಹಚ್ಚಿದ್ವು:
ಬಾರಿಸ್ರಿ, ಬಾರಿಸ್ರಿ!
ಘಾಳೆಪ್ಪ ಕ್ಲಾರ್ನೆಟ್ ಹಿಡಕೊಂಡು ನಿಂತ.
“ಏನು ಬಾರಿಸಬೇಕ್ರಿ?”

ಫರ್ಮಾಯಿಷ್ ಇಲ್ಲದ ಬಾರಿಸಿದ್ದು ಅವಗ ನೆನಪಿಲ್ಲ.
ನಾವು ಮಾರಿ ಮಾರಿ ನೋಡಿದಿವಿ.
ನಿಮಗ ಯಾವ ಹಾಡು ಸೇರ್ತದ ಅಂತ
ನಮಗರ ಯಾರು ಕೇಳಿದ್ರು?
ಬಾಳ ಹೊತ್ತು ನೀರಿನ ಸಪ್ಪಳ ಅಷ್ಟೇ.

ಆವಾಗ ಮುದುಕ ಮಹಬೂಬಸಾಬ
ಗೋಣಿಚೀಲದಾಗಿಂದ ಅಕಾರ್ಡಿಯನ್ ತೆಗೆದ.
ಕೀಬೋರ್ಡ್ ಬಂದ ಮ್ಯಾಲ ಯಾರೂ ಕೇಳದ ಪೆಟ್ಟಿಗಿ,
ಹರದ ಮಡಿಕಿಗೆ ಸೈಕಲ್ ಟ್ಯೂಬಿನ ತೇಪಿ.
ಎಳದ್ರ ಮೊದಲು ಉಬ್ಬಸ, ಆಮ್ಯಾಲ ಸುರ.
ಉಸ್ತಾದ ಕಲಿಸಿದ ಮೊದಲ ಪಾಠ ಅಂತ ಅದು.
ಹೆಸರಿಲ್ಲ, ಮಾತಿಲ್ಲ,
ಒಂದು-ಎರಡು, ಒಂದು-ಎರಡು,
ಕುಂಟಾಟ ಆಡೋ ಹುಡುಗಿ ಕಾಲೆತ್ತಿ ಇಟ್ಟಂಗ.

ಝರೆಪ್ಪ ಢೋಲಿಗೆ ಕೈ ಹಚ್ಚಿದ.
ಅವನ ಹೆಂಡತಿ ಸುಂದ್ರಮ್ಮ ಸೆರಗು ಸಿಗಿಸಿದಳು:
“ಮೂವತ್ತು ವರ್ಷ ಈ ತೊಗಲಿಗೆ ಬಿಸಲು ತೋರಿಸೀನಿ,
ಒಂದು ದಿನ ಕುಣದಿಲ್ಲ!”
ತಾಹೇರಾಬಿ ಕೈ ಹಿಡದು ಗರ್ರನೆ ತಿರುಗಿದಳು.

ನಾನು ಲೈಟು ಹೊರಾಕಿ.
ಬರಾತಿನ ಬದಿಗೆ, ತಲಿ ಮ್ಯಾಲ ಐದು ಟ್ಯೂಬಿನ ಝುಂಬರ,
ಒಂದೇ ವೈರಿಗೆ ಕಟ್ಟಿದ ಹತ್ತು ಮಂದಿ ಹೆಂಗಸರೊಳಗ ಒಬ್ಬಾಕಿ.
ಮದಿಮಗನ ಗೆಳೆಯರು ಕುಡದು ಕುಣೀತಾರ,
ನಾವು ಅಲುಗಂಗಿಲ್ಲ.
ಅಲುಗಿದ್ರ ಬೆಳಕು ಹೊಯ್ದಾಡ್ತದ, ಫೋಟೋ ಕೆಡ್ತಾವ.
ಕಾಲು ತಾನೇ ತಾಳ ಹಿಡೀತದಂತ
ಹೆಬ್ಬಟ್ಟು ಡಾಂಬರಿಗೊತ್ತಿ ನಡದೀನಿ
ಹನ್ನೆರಡು ವರ್ಷ.

ಎದ್ದೆ. ಕಾಲು ಒಪ್ಪಿದ್ವು,
ಕುತ್ತಿಗಿ ಒಪ್ಪಲಿಲ್ಲ. ನೆಟ್ಟಗ ನಿಂತೇ ನಿಂತಿತು.
ಎಡಗೈ ತಾನೇ ಮ್ಯಾಲ ಹೋಗಿ
ಇಲ್ಲದ ಲೈಟು ಹಿಡೀತು.
ಪೋರಗೋಳು ಬಿದ್ದು ಬಿದ್ದು ನಕ್ವು.
ಸುಂದ್ರಮ್ಮ ನಗಲಿಲ್ಲ. ಬಂದು ಆ ಕೈ ಇಳಿಸಿ
ತನ್ನ ಹೆಗಲ ಮ್ಯಾಲ ಇಟ್ಕೊಂಡಳು.

ಆಮ್ಯಾಲ ಬೇವು, ನೀರು, ಟೆಂಪೋ,
ತೊಳಿಯದ ಪಾತೇಲಿ, ಘಾಳೆಪ್ಪನ ಗಲ್ಲ,
ಎಲ್ಲಾ ತಿರಗಿದ್ವು.
ಬೆಳಕು ಹೊಯ್ದಾಡ್ತು.
ಹೊಯ್ದಾಡಲಿ. ಅದು ಸೂರ್ಯಾಂದು,
ಜನರೇಟರಿಂದಲ್ಲ.

ಸುಂದ್ರಮ್ಮನ ಹಂತ್ಯಾಕ ನೋಟಿರಲಿಲ್ಲ.
ಪರಾತದಾಗಿನ ಒಂದು ಹಣ್ಣು ತಗೊಂಡು
ಗಂಡನ ತಲಿಗೆ ಮೂರು ಸುತ್ತು ನಿವಾಳಿಸಿದಳು.
ಅಂವ ಬಾರಿಸೋ ಕೈ ಬಿಡಲಿಲ್ಲ.
ಬರಾತಿನ್ಯಾಗ ಹತ್ತರ ನೋಟು ಹಿಡಿಯೋ ರೂಢಿಲೇ
ಹಲ್ಲಿನ್ಯಾಗ ಕಚ್ಚಿ ಹಿಡದ.
ರಸ ಗಡ್ಡದಗುಂಟ ಢೋಲಿನ ಮ್ಯಾಲ ಇಳೀತು.

ಹೊತ್ತು ಮುಣಗಿದ ಮ್ಯಾಲ ಹೊಳ್ಳಿದಿವಿ.
ನಾಡದ ಹುಮನಾಬಾದದಾಗ ಎರಡು ಲಗ್ನ,
ಸುಪಾರಿ ಯಾರದು ಅಂತ
ಟೆಂಪೋದಾಗೇ ಜಗಳ ಹತ್ತಿತು.
ಮಹಬೂಬಸಾಬನ ಚೀಲ ನನ್ನ ತೊಡಿ ಮ್ಯಾಲ,
ತಗ್ಗು ಬಂದಾಗೊಮ್ಮೆ ಒಳಗ ಪೆಟ್ಟಿಗಿ
ಸಣ್ಣಗ ಉಸುರು ಬಿಡತಿತ್ತು.
ಹಾದಿ ಕತ್ತಲ. ಯಾರೂ ಲೈಟು ಹೊತ್ತಿರಲಿಲ್ಲ.
ನನ್ನ ಕುತ್ತಿಗಿ ಯಾವಾಗೋ ಒಂದು ಕಡಿಗೆ ವಾಲಿ
ಯಾರದೋ ಹೆಗಲಿಗೆ ಹತ್ತಿತು.